ನರೆಗೂದಲಿಗೆ ಬಣ್ಣ: ಹಾಕಬೇಕಾ, ಹಾಕುವುದಾದರೆ ಹೇಗೆ?

"ಬಿಳಿ ಕೂದಲಿಗೆ ಯಾವ ಡೈ ಒಳ್ಳೇದು?" ಓದುಗರು ಬಿಡದೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. "ಮೆಹೆಂದಿ ಹಾಕಿದ್ರೆ ಸಾಕಾ?" "ಒಂದ್ಸಲ ಶುರು ಮಾಡಿದ್ರೆ ಬಿಡೋಕೇ ಆಗಲ್ವಂತೆ, ನಿಜಾನಾ?" ಮೂರಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಲೆಕ್ಕ ತಿಳಿದುಕೊಳ್ಳಿ. ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಇವತ್ತು ಎಷ್ಟೇ ಚೆನ್ನಾಗಿ ಬಣ್ಣ ಹಾಕಿದರೂ ಮೂರು ನಾಲ್ಕು ವಾರದಲ್ಲಿ ಬೈತಲೆಯಲ್ಲಿ, ಕಿವಿಯ ಪಕ್ಕದಲ್ಲಿ ಬಿಳಿ ಬುಡ ಇಣುಕುತ್ತದೆ. ಬಣ್ಣ ಕಪ್ಪಾದಷ್ಟೂ ಆ ಬಿಳಿ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಡೈ ಹಾಕಿದ ದಿನ ಕನ್ನಡಿಯಲ್ಲಿ ಕಂಡದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ನಾಲ್ಕನೇ ವಾರ ಹೇಗೆ ಕಾಣುತ್ತೀರಿ, ಆಗ ಮತ್ತೆ ಕೂರುವ ತಾಳ್ಮೆ ಇದೆಯಾ, ಅದನ್ನು ನೋಡಿ. ಮುಂದಿನ ಎಲ್ಲ ಹಂತಗಳನ್ನೂ ನಾನು ಈ ನಾಲ್ಕನೇ ವಾರ ಇಟ್ಟುಕೊಂಡೇ ಅಳೆದಿದ್ದೇನೆ.

ಹಂತ 1: ನರೆ ಯಾಕೆ ಬಂತು ಅಂತ ನೋಡಿ

ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಕೂದಲ ಬುಡದಲ್ಲಿರುವ ಜೀವಕೋಶಗಳು ಅದನ್ನು ತಯಾರಿಸುತ್ತವೆ. ವಯಸ್ಸಾದಂತೆ ಆ ಕೋಶಗಳು ಕೆಲಸ ಕಡಿಮೆ ಮಾಡಿ, ಕೊನೆಗೆ ನಿಲ್ಲಿಸುತ್ತವೆ. ಆಮೇಲೆ ಹುಟ್ಟುವ ಕೂದಲು ಬಿಳಿಯಾಗಿಯೇ ಹೊರಗೆ ಬರುತ್ತದೆ. ಯಾವ ವಯಸ್ಸಿಗೆ ಶುರುವಾಗುತ್ತದೆ ಅನ್ನುವುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಅಪ್ಪ ಅಮ್ಮಂದಿರ ಹಳೇ ಫೋಟೋ ನೋಡಿದರೆ ಅಂದಾಜು ಸಿಗುತ್ತದೆ.

ನಮ್ಮ ಕಡೆಯವರಿಗೆ 25 ವಯಸ್ಸಿಗೆ ಮೊದಲೇ ನರೆ ಬಂದರೆ ವೈದ್ಯರು ಅದನ್ನು ಅಕಾಲ ನರೆ ಅನ್ನುತ್ತಾರೆ. ಆ ವಯಸ್ಸಿನಲ್ಲಿ ಬಂದಿದ್ದರೆ, ಇಲ್ಲವೇ ಕೆಲವೇ ತಿಂಗಳಲ್ಲಿ ದಿಢೀರ್ ಅಂತ ಜಾಸ್ತಿಯಾಗಿದ್ದರೆ, ಡೈ ಅಂಗಡಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ಹೋಗಿ. ವಿಟಮಿನ್ ಬಿ12, ಕಬ್ಬಿಣಾಂಶ, ಥೈರಾಯ್ಡ್ ಇಷ್ಟನ್ನು ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ. ಬಿ12 ಹೆಚ್ಚಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಅಪ್ಪಟ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಸಿಗರೇಟಿಗೂ ಬೇಗ ನರೆಯುವುದಕ್ಕೂ ನಂಟಿದೆ. ಕೊರತೆಯಿಂದಲೇ ಬಂದ ನರೆಯಾದರೆ, ಕೊರತೆ ಸರಿಹೋದ ಮೇಲೆ ಹೊಸದಾಗಿ ಹುಟ್ಟುವ ಕೂದಲಲ್ಲಿ ಕೆಲವರಿಗೆ ಬಣ್ಣ ಮರಳುವುದುಂಟು. ಎಲ್ಲರಿಗೂ ಆಗುತ್ತದೆ ಅಂತಲ್ಲ.

ಈಗಾಗಲೇ ಬಿಳಿಯಾಗಿ ಹೊರಬಂದ ಕೂದಲು ಮಾತ್ರ ಯಾವ ಎಣ್ಣೆಗೂ ಕಪ್ಪಾಗುವುದಿಲ್ಲ. ಗರುಗದ ಸೊಪ್ಪು, ಕರಿಬೇವು, ನೆಲ್ಲಿಕಾಯಿ, ಈರುಳ್ಳಿ ರಸ ಯಾವುದಾದರೂ ಅಷ್ಟೇ. ಎಣ್ಣೆಯಿಂದ ಕೂದಲು ನುಣುಪಾಗುತ್ತದೆ, ಒಡೆಯುವುದು ಕಡಿಮೆಯಾಗುತ್ತದೆ. ಅದಕ್ಕಾಗಿ ಹಚ್ಚಿಕೊಳ್ಳಿ, ಸಂತೋಷ. ಒಂದು ಕಿತ್ತರೆ ಹತ್ತು ಹುಟ್ಟುತ್ತದೆ ಅನ್ನುವುದೂ ಸುಳ್ಳೇ. ಆದರೂ ಕೀಳಬೇಡಿ. ಮತ್ತೆ ಮತ್ತೆ ಕಿತ್ತರೆ ಬುಡ ಹಾಳಾಗಿ ಆ ಜಾಗ ಬೋಳಾಗಬಹುದು.

ಹಂತ 2: ಬೇಕಾ ಬೇಡವಾ, ಮೊದಲು ಅದು ತೀರ್ಮಾನವಾಗಲಿ

ಮದುವೆ ಮನೆಯಲ್ಲಿ ಯಾರೋ "ಏನಮ್ಮ, ಇಷ್ಟು ಬೇಗ ಮುದುಕಿಯಾದ್ಯಾ?" ಅಂದರು ಅಂತ ಮರುದಿನವೇ ಪೊಟ್ಟಣ ತಂದವರು ಬಹಳ ಜನ. ಅಂದವರು ಊಟ ಮುಗಿಸಿ ಮನೆಗೆ ಹೋಗುತ್ತಾರೆ. ತಿಂಗಳು ತಿಂಗಳು ಬುಡಕ್ಕೆ ಬಣ್ಣ ಹಚ್ಚುತ್ತಾ ಕೂರುವವರು ನೀವು. ವರ್ಷಕ್ಕೆ ಹನ್ನೆರಡು ಹದಿಮೂರು ಸಲ, ಸಲಕ್ಕೆ ಒಂದೂವರೆ ಗಂಟೆ. ಅಷ್ಟು ಸಮಯ ಕೊಡಲು ಮನಸ್ಸಿದೆ, ಬಣ್ಣ ಹಾಕಿದಾಗ ನಿಮಗೇ ಖುಷಿ ಅನ್ನಿಸುತ್ತದೆ ಅಂದರೆ ಧಾರಾಳವಾಗಿ ಹಾಕಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಅಷ್ಟೇ ಇದ್ದರೆ ಈಗಲೇ ಪೂರ್ತಿ ತಲೆಗೆ ಪರ್ಮನೆಂಟ್ ಡೈ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೂರರಲ್ಲಿ ಹತ್ತು ಕೂದಲಿಗೋಸ್ಕರ ಚೆನ್ನಾಗಿರುವ ತೊಂಬತ್ತಕ್ಕೂ ರಾಸಾಯನಿಕ ಹಚ್ಚಿದಂತಾಗುತ್ತದೆ.

ಕೆಲವರು ಹಾಕಲೇಬಾರದು, ಇಲ್ಲವೇ ಚರ್ಮದ ಡಾಕ್ಟರನ್ನು ಕೇಳದೆ ಹಾಕಬಾರದು. ಯಾರು ಅಂದರೆ:

- ಹಿಂದೆ ಯಾವುದೇ ಡೈಗೆ ತುರಿಕೆ, ಊತ, ಗುಳ್ಳೆ ಬಂದಿದ್ದವರು
- ಜಾತ್ರೆಯಲ್ಲೋ ಪ್ರವಾಸದಲ್ಲೋ ಹಾಕಿಸಿಕೊಂಡ ಕಪ್ಪು ಮೆಹೆಂದಿ ಟ್ಯಾಟೂವಿಗೆ ಚರ್ಮ ಉರಿದಿದ್ದವರು
- ತಲೆಯಲ್ಲಿ ಗಾಯ, ಸೋರಿಯಾಸಿಸ್, ಕೆರೆದು ಹುಣ್ಣಾದ ಹೊಟ್ಟು ಇರುವವರು
- ತೊನ್ನು ಇರುವವರು

ಗರ್ಭಿಣಿಯರು ಮೊದಲ ಮೂರು ತಿಂಗಳು ಬಿಟ್ಟುಬಿಡುವುದು ವಾಡಿಕೆ. ಚರ್ಮದ ಮೂಲಕ ದೇಹಕ್ಕೆ ಸೇರುವ ಪ್ರಮಾಣ ತುಂಬಾ ಕಡಿಮೆ. ಆದರೂ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಕ್ಯಾನ್ಸರ್ ಭಯವೂ ಜನಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ಎರಡು ಭಾಗ ಮಾಡಿದೆ. ದಿನವಿಡೀ ಡೈ ಜೊತೆ ಕೆಲಸ ಮಾಡುವ ಪಾರ್ಲರ್, ಸಲೂನ್ ಕೆಲಸಗಾರರಿಗೆ ಅಪಾಯದ ಸಂಭವವಿದೆ. ಮನೆಯಲ್ಲಿ ತಮಗೆ ತಾವು ಹಾಕಿಕೊಳ್ಳುವವರ ವಿಷಯದಲ್ಲಿ ಹೌದು ಅನ್ನಲೂ ಇಲ್ಲ ಅನ್ನಲೂ ಸಾಕಷ್ಟು ಆಧಾರ ಇಲ್ಲ. ನಿಮ್ಮ ಪಾರ್ಲರ್ ಹುಡುಗಿ ಗ್ಲೌಸ್ ಇಲ್ಲದೆ ಡೈ ಕಲಸುತ್ತಿದ್ದರೆ ಮೊದಲು ಅವಳಿಗೆ ಹೇಳಿ.

ಹಂತ 3: ಬಗೆ ಆರಿಸಿಕೊಳ್ಳಿ

ಅಂಗಡಿಯ ಶೆಲ್ಫಿನಲ್ಲಿ ಇಪ್ಪತ್ತು ಹೆಸರಿದ್ದರೂ ಒಳಗಿನ ಸರಕು ಕೆಲವೇ ಬಗೆಯದು.

*ತಾತ್ಕಾಲಿಕ:* ಬುಡಕ್ಕೆ ಹಚ್ಚುವ ಕಡ್ಡಿ, ಪೌಡರ್, ಸ್ಪ್ರೇ. ತಲೆಗೆ ನೀರು ಹಾಕಿದರೆ ಹೋಗುತ್ತದೆ. ಅಪರೂಪಕ್ಕೆ ಒಂದು ಫಂಕ್ಷನ್‌ಗೆ ಇಷ್ಟು ಸಾಕು. ಮಳೆಯಲ್ಲಿ ನೆನೆದರೆ, ವಿಪರೀತ ಬೆವರಿದರೆ ಕುತ್ತಿಗೆಗೆ ಇಳಿಯುತ್ತದೆ.

*ಸೆಮಿ ಪರ್ಮನೆಂಟ್:* ಕೂದಲ ಮೇಲೆ ಕೂರುವ ಬಣ್ಣ. ಕಲಸುವುದೇನೂ ಇಲ್ಲ, ನೇರವಾಗಿ ಹಚ್ಚುವುದು. ಆರರಿಂದ ಹನ್ನೆರಡು ಸಲ ತಲೆಸ್ನಾನ ಮಾಡುವಷ್ಟರಲ್ಲಿ ಮಾಸುತ್ತದೆ. ಬಿಳಿ ಜಾಸ್ತಿ ಇದ್ದರೆ ಪೂರ್ತಿ ಮುಚ್ಚುವುದಿಲ್ಲ.

*ಡೆಮಿ ಪರ್ಮನೆಂಟ್:* ಇದರಲ್ಲಿ ಎರಡು ಭಾಗ ಕಲಸಬೇಕು. ಅಮೋನಿಯಾ ಇರುವುದಿಲ್ಲ ಅಥವಾ ತೀರಾ ಕಡಿಮೆ. ಇಪ್ಪತ್ತು ಚಿಲ್ಲರೆ ತಲೆಸ್ನಾನದವರೆಗೆ ನಿಲ್ಲುತ್ತದೆ. ಇದರ ಗುಣ ಏನೆಂದರೆ ನಿಧಾನವಾಗಿ ಮಾಸುತ್ತದೆ. ಹಾಗಾಗಿ ನಾಲ್ಕನೇ ವಾರದ ಗೆರೆ ಅಷ್ಟು ಕಟುವಾಗಿ ಕಾಣುವುದಿಲ್ಲ. ತಲೆಯಲ್ಲಿ ಅರ್ಧಕ್ಕಿಂತ ಕಡಿಮೆ ನರೆ ಇರುವವರು, ಮೊದಲ ಸಲ ಹಾಕುವವರು ಇಲ್ಲಿಂದ ಶುರು ಮಾಡಿ ಅನ್ನುತ್ತೇನೆ ನಾನು.

*ಪರ್ಮನೆಂಟ್:* ಕ್ರೀಮ್ ಒಂದು ಟ್ಯೂಬು, ಡೆವಲಪರ್ ಒಂದು ಬಾಟಲಿ. ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಅಮೋನಿಯಾ ಅಥವಾ ಅದರಂಥ ಇನ್ನೊಂದು ಕ್ಷಾರ ಕೂದಲ ಹೊರಪದರವನ್ನು ಉಬ್ಬಿಸುತ್ತದೆ, ಬಣ್ಣದ ಸಣ್ಣ ಕಣಗಳು ಒಳಗೆ ಹೋಗಿ ಪೆರಾಕ್ಸೈಡ್ ಜೊತೆ ಸೇರಿ ದೊಡ್ಡದಾಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬಿಳಿ ಪೂರ್ತಿ ಮುಚ್ಚುತ್ತದೆ. ಕೂದಲು ಸ್ವಲ್ಪ ಒರಟಾಗುತ್ತದೆ. ಡೆವಲಪರ್ ಬೇರೆಯಾಗಿ ಕೊಳ್ಳುವುದಾದರೆ ನರೆ ಮುಚ್ಚಲು 20 ವಾಲ್ಯೂಮ್, ಅಂದರೆ ಶೇ 6ರ ಪೆರಾಕ್ಸೈಡ್ ಸಾಕು. 30, 40 ವಾಲ್ಯೂಮ್ ಕೂದಲನ್ನು ತಿಳಿಯಾಗಿಸಲು ಇರುವುದು. ಮನೆಯಲ್ಲಿ ಅದರ ಸಹವಾಸ ಬೇಡ.

*ಪುಡಿ ಡೈ ಮತ್ತು ಶಾಂಪೂ ಡೈ:* ಕಿರಾಣಿ ಅಂಗಡಿಯಲ್ಲಿ ನೇತುಹಾಕಿರುವ ಪೊಟ್ಟಣಗಳು. ಪುಡಿಯನ್ನು ನೀರಲ್ಲಿ ಕಲಸಿದರೆ ಆಯಿತು. ಶಾಂಪೂ ಅಂತ ಬರೆದದ್ದನ್ನು ತಲೆಗೆ ತಿಕ್ಕಿ ಹತ್ತು ನಿಮಿಷ ಬಿಟ್ಟು ತೊಳೆದರೆ ಕಪ್ಪು. ಸುಲಭ, ಅಗ್ಗ, ಅಲ್ವಾ? ಆದರೆ ಹತ್ತು ನಿಮಿಷದಲ್ಲಿ ಕಪ್ಪು ಮಾಡುವುದು ಬರೀ ಶಾಂಪೂ ಆಗಿರಲು ಸಾಧ್ಯವೇ ಇಲ್ಲ. ಹೆಸರು ಏನೇ ಇರಲಿ, ಇವೂ ಪರ್ಮನೆಂಟ್ ಡೈ ಜಾತಿಯವೇ. ಶಾಂಪೂ ಅನ್ನುವ ಹೆಸರಿನ ಧೈರ್ಯದ ಮೇಲೆ ಪ್ರತಿ ವಾರ ಬಳಸುವವರಿದ್ದಾರೆ. ಹಾಗೆ ಮಾಡಬೇಡಿ.

*ಮೆಹೆಂದಿ ಮತ್ತು ನೀಲಿ ಸೊಪ್ಪಿನ ಪುಡಿ:* ಇದರದ್ದು ಬೇರೆಯೇ ದಾರಿ. ಹಂತ 8ರಲ್ಲಿ ಹೇಳಿದ್ದೇನೆ.

ಹಂತ 4: ಪೆಟ್ಟಿಗೆಯ ಹಿಂಭಾಗ ಓದಿ

ಮುಂಭಾಗದಲ್ಲಿ ಹೂವು, ಎಲೆ, "ಅಮೋನಿಯಾ ಇಲ್ಲ", "ಹರ್ಬಲ್" ಎಲ್ಲ ಇರುತ್ತದೆ. ಅದನ್ನು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯಲ್ಲಿ ಪ್ಯಾರಾ ಫಿನಿಲೀನ್ ಡೈಅಮೀನ್ ಇದೆಯಾ ಹುಡುಕಿ. ಚಿಕ್ಕದಾಗಿ ಪಿಪಿಡಿ ಅನ್ನುತ್ತಾರೆ. 1,4 ಬೆಂಜೀನ್ ಡೈಅಮೀನ್ ಅಂತಲೋ ಸಿಐ 76060 ಅಂತಲೋ ಬರೆದಿದ್ದರೂ ಅದೇ. ಕಪ್ಪು, ಕಂದು ಡೈಗಳಿಗೆ ಗಾಢ ಬಣ್ಣ ಕೊಡುವುದು ಇದು. ಡೈ ಅಲರ್ಜಿಗೆ ದೊಡ್ಡ ಕಾರಣವೂ ಇದೇ.

ಇಲ್ಲಿ ಜನ ತಪ್ಪುವುದು ಎರಡು ಕಡೆ. ಅಮೋನಿಯಾ ಇಲ್ಲ ಅಂದರೆ ಪಿಪಿಡಿ ಇಲ್ಲ ಅಂತಲ್ಲ. ಅಮೋನಿಯಾ ಇಲ್ಲದಿದ್ದರೆ ಘಾಟು ವಾಸನೆ, ಕಣ್ಣುರಿ ಕಡಿಮೆ ಅಷ್ಟೇ. ಅಲರ್ಜಿಯ ಲೆಕ್ಕ ಬೇರೆ. ಇನ್ನೊಂದು, "ಪಿಪಿಡಿ ಇಲ್ಲ" ಅಂತ ದೊಡ್ಡದಾಗಿ ಬರೆದ ಡೈಗಳಲ್ಲಿ ಅದರ ದಾಯಾದಿಯಾದ ಟಾಲ್ವೀನ್ ಡೈಅಮೀನ್ ಇರಬಹುದು. ಪಿಪಿಡಿ ಆಗದವರಲ್ಲಿ ಹಲವರಿಗೆ ಅದೂ ಆಗುವುದಿಲ್ಲ.

ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆ ಅಚ್ಚು ಹಾಕಬೇಕು ಅನ್ನುವುದು ನಮ್ಮ ದೇಶದ ಕಾನೂನು. ಚರ್ಮಕ್ಕೆ ಉರಿ ತರಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬಿಗೆ ಮತ್ತು ರೆಪ್ಪೆಗೂದಲಿಗೆ ಹಚ್ಚಬೇಡಿ, ಹಚ್ಚಿದರೆ ಕಣ್ಣು ಕುರುಡಾಗಬಹುದು ಅಂತ. ಸುಮ್ನೆ ಬರೆದದ್ದಲ್ಲ ಅದು. ತಲೆಗೆ ಕಲಸಿದ್ದರಲ್ಲಿ ಉಳಿದದ್ದನ್ನು ಹುಬ್ಬಿಗೆ ಒಂದು ಗೆರೆ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 5: 48 ಗಂಟೆಯ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಒಂದು ಹಂತ ಓದುತ್ತೀರಿ ಅಂದರೆ ಇದನ್ನೇ ಓದಿ. ಬಹುತೇಕ ಜನ ಬಿಟ್ಟುಬಿಡುವ ಹಂತವೂ ಇದೇ.

ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಜಾಗ ತೊಳೆದು ಒರೆಸಿಕೊಳ್ಳಿ. ಪೆಟ್ಟಿಗೆಯಲ್ಲಿ ಹೇಳಿದ ರೀತಿಯಲ್ಲಿ ಡೈಯನ್ನು ಚೂರು ತೆಗೆದು ಒಂದು ಸಣ್ಣ ನಾಣ್ಯದಷ್ಟು ಅಗಲಕ್ಕೆ ಹಚ್ಚಿ. ಒಣಗಲು ಬಿಡಿ. ಎಷ್ಟು ಹೊತ್ತಿಗೆ ತೊಳೆಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಪೆಟ್ಟಿಗೆಯ ಮಾತನ್ನೇ ಕೇಳಿ. ಕಾಯುವುದು ಮಾತ್ರ ಪೂರಾ 48 ಗಂಟೆ. ಕೆಂಪು, ತುರಿಕೆ, ಊತ, ನೀರ್ಗುಳ್ಳೆ ಏನೇ ಬಂದರೂ ಆ ಡೈ ನಿಮಗಲ್ಲ.

ಎರಡು ದಿನ ಯಾಕೆ ಅಂದರೆ ಈ ಅಲರ್ಜಿ ತಕ್ಷಣ ಕಾಣುವಂಥದ್ದಲ್ಲ. ಹಚ್ಚಿದ ಒಂದರಿಂದ ಮೂರು ದಿನದೊಳಗೆ ನಿಧಾನವಾಗಿ ಏಳುತ್ತದೆ. ಅರ್ಧ ಗಂಟೆ ನೋಡಿ "ಏನೂ ಆಗಲಿಲ್ಲ" ಅಂತ ತಲೆಗೆ ಹಚ್ಚಿದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ.

"ಹತ್ತು ವರ್ಷದಿಂದ ಇದೇ ಹಾಕ್ತಿದ್ದೀನಿ, ನಂಗ್ಯಾಕೆ ಟೆಸ್ಟು?" ಅನ್ನುತ್ತೀರಾ? ಪಿಪಿಡಿ ಅಲರ್ಜಿಯ ಸ್ವಭಾವವೇ ಹಾಗೆ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ತಿರುಗಿಬೀಳುತ್ತದೆ. ಒಮ್ಮೆ ದೇಹ ಅದನ್ನು ವೈರಿ ಅಂತ ಗುರುತಿಸಿದರೆ ಆಮೇಲೆ ಜೀವನಪೂರ್ತಿ ಬಿಡುವುದಿಲ್ಲ. ಹಾಗಾಗಿ ಪ್ರತಿ ಸಲವೂ ಪರೀಕ್ಷೆ ಮಾಡಬೇಕು. ಪರೀಕ್ಷೆಯಲ್ಲಿ ಪಾಸಾದರೂ ನೂರಕ್ಕೆ ನೂರು ಖಾತ್ರಿ ಇಲ್ಲ, ಆದರೆ ದೊಡ್ಡ ಅನಾಹುತ ತಪ್ಪುವ ಸಾಧ್ಯತೆ ಜಾಸ್ತಿ.

ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದು ಮೊದಲ ಸಲ ಬಣ್ಣ ಹಾಕುವವರಾದರೆ ಹಿಂದಿನ ದಿನ ಕೂರಬೇಡಿ. ಎರಡು ಮೂರು ವಾರ ಮೊದಲೇ ಒಂದು ಸಲ ಹಾಕಿ ನೋಡಿ. ಮುಖ ಊದಿಕೊಂಡು ಆರತಕ್ಷತೆಯಲ್ಲಿ ನಿಲ್ಲುವುದಕ್ಕಿಂತ ನಾಲ್ಕು ಬಿಳಿ ಕೂದಲು ಕಾಣುವುದೇ ಮೇಲು.

ಹಂತ 6: ಶೇಡ್ ಆರಿಸುವುದು

ಪೆಟ್ಟಿಗೆಯ ಮೇಲಿನ ಮೊದಲ ಅಂಕಿ ಬಣ್ಣ ಎಷ್ಟು ಗಾಢ ಅಂತ ಹೇಳುತ್ತದೆ. 1 ಅಂದರೆ ಕಪ್ಪು, 3 ಡಾರ್ಕ್ ಬ್ರೌನ್, 4 ನಡುಮಧ್ಯದ ಬ್ರೌನ್, 5 ತಿಳಿ ಬ್ರೌನ್. 10ರವರೆಗೆ ತಿಳಿಯಾಗುತ್ತಾ ಹೋಗುತ್ತದೆ. ಚುಕ್ಕಿಯ ನಂತರದ ಅಂಕಿ ಛಾಯೆಯದು: ಕೆಂಪು, ಚಿನ್ನ, ಬೂದಿ ಇತ್ಯಾದಿ. ಆ ಅಂಕಿಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. 0 ಇದ್ದರೆ, ಅಥವಾ ಚುಕ್ಕಿಯೇ ಇಲ್ಲದಿದ್ದರೆ, ಸಾದಾ ಬಣ್ಣ. ನರೆ ಮುಚ್ಚಲು ಸಾದಾ ಬಣ್ಣವೇ ಸರಿ. ಬಿಳಿ ಕೂದಲ ಮೇಲೆ ಬರೀ ಕೆಂಪು ಛಾಯೆ ಹಾಕಿದರೆ ಅದು ಉರಿಯುವ ಕೆಂಪಾಗಿ ಕೂರುತ್ತದೆ.

ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಕೈ ಹಾಕುವುದು 1ಕ್ಕೆ. ನನ್ನ ಸಲಹೆ 3, ಹೆಚ್ಚೆಂದರೆ 4. ನಮ್ಮ ಕೂದಲನ್ನು ಕಪ್ಪು ಅಂತ ಕರೆದರೂ ಬಿಸಿಲಿಗೆ ಹಿಡಿದು ನೋಡಿ, ಬಹಳ ಜನರದ್ದು ಗಾಢ ಕಂದು. ಐವತ್ತು ದಾಟಿದ ಮುಖಕ್ಕೆ ಕಾಗೆಗಪ್ಪು ಬಡಿದರೆ ಟೋಪಿ ಇಟ್ಟ ಹಾಗೆ ಕಾಣುತ್ತದೆ. ಮುಖದ ಸುಕ್ಕು ಇನ್ನಷ್ಟು ಎದ್ದು ಕಾಣುತ್ತದೆ. ನಾಲ್ಕನೇ ವಾರದ ಬಿಳಿ ಬುಡವೂ ಕಪ್ಪಿನ ಪಕ್ಕಕ್ಕಿಂತ ಕಂದಿನ ಪಕ್ಕ ಕಡಿಮೆ ಕಾಣುತ್ತದೆ.

ಇನ್ನೊಂದು ಕಾರಣವೂ ಇದೆ. ಕಂದು ಸಾಲದೆನಿಸಿದರೆ ಮುಂದಿನ ಸಲ ಗಾಢ ಮಾಡಬಹುದು. ಕಪ್ಪು ಜಾಸ್ತಿಯಾಯಿತು ಅಂತ ಅದರ ಮೇಲೆ ಕಂದು ಹಚ್ಚಿದರೆ ಏನೂ ಆಗುವುದಿಲ್ಲ. ಡೈ ಮೇಲೆ ಡೈ ಹಾಕಿ ತಿಳಿ ಮಾಡಲು ಬರುವುದಿಲ್ಲ. ಬ್ಲೀಚ್ ಮಾಡಿಸಬೇಕು, ಅದು ಕೂದಲಿಗೆ ದೊಡ್ಡ ಪೆಟ್ಟು.

ಹಂತ 7: ಹಚ್ಚುವುದು

ಜೊತೆಗಿಟ್ಟುಕೊಳ್ಳಬೇಕಾದ್ದು: ಗ್ಲೌಸ್, ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲು, ಡೈ ಬ್ರಶ್, ನಾಲ್ಕು ಕ್ಲಿಪ್, ಹಳೇ ಟವೆಲ್, ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ, ಗಡಿಯಾರ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಬೇಡ. ಲೋಹ ಪೆರಾಕ್ಸೈಡ್ ಜೊತೆ ಸೇರಿದರೆ ಬಣ್ಣ ಕೆಡಬಹುದು.

1. ಹಿಂದಿನ ದಿನ ತಲೆಸ್ನಾನ ಮಾಡಿರಿ. ಅದೇ ದಿನ ಬೇಡ. ಚರ್ಮದ ಮೇಲಿನ ತೆಳುವಾದ ಜಿಡ್ಡು ಉರಿ ತಡೆಯುತ್ತದೆ. ಹಾಗಂತ ಎಣ್ಣೆ ಸುರಿದುಕೊಂಡ ತಲೆಗೂ ಹಚ್ಚಬೇಡಿ, ಬಣ್ಣ ಹಿಡಿಯುವುದಿಲ್ಲ. ಸ್ಮೂದನಿಂಗ್, ಸ್ಟ್ರೇಟನಿಂಗ್ ಮಾಡಿಸಿದ್ದರೆ ಕನಿಷ್ಠ ಎರಡು ವಾರ ಬಿಡಿ.

2. ಹಣೆಯಂಚು, ಕಿವಿ, ಕತ್ತಿನ ಹಿಂದೆ ವ್ಯಾಸಲಿನ್ ಸವರಿ. ಕಲೆ ಆಗದಿರಲಿ ಅಂತ ಮಾತ್ರವಲ್ಲ. ವರ್ಷಗಟ್ಟಲೆ ಡೈ ತಾಗಿ ಹಣೆಯ ಅಂಚು, ಕೆನ್ನೆಯ ಪಕ್ಕ ಬೂದುಗಪ್ಪಾಗುವುದು ನಮ್ಮ ಮೈಬಣ್ಣದವರಲ್ಲಿ ಚರ್ಮದ ಡಾಕ್ಟರು ಆಗಾಗ ನೋಡುವ ತೊಂದರೆ. ಬಿಸಿಲಿಗೆ ಕಪ್ಪಾಯಿತು ಅಂತ ಜನ ಕ್ರೀಮ್ ಹಚ್ಚುತ್ತಾ ಕೂರುತ್ತಾರೆ, ಡೈ ಮಾತ್ರ ಬಿಡುವುದಿಲ್ಲ. ಅಲ್ಲಿ ತುರಿಕೆ ಇರಲೇಬೇಕೆಂದಿಲ್ಲ. ಹಣೆಯಂಚು ಕಪ್ಪಾಗುತ್ತಿದೆ ಅನ್ನಿಸಿದರೆ ಮೊದಲು ಡೈ ನಿಲ್ಲಿಸಿ.

3. ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಕಿಟಕಿ ತೆಗೆದಿಡಿ. ಆಮೇಲೆ ಕಲಸಿ, ಮೊದಲೇ ಅಲ್ಲ. ಕಲಸಿದ ಕ್ಷಣದಿಂದ ಬಣ್ಣ ಕೆಲಸ ಶುರು ಮಾಡುತ್ತದೆ.

4. ಬಿಳಿ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿ. ಬಹಳ ಜನರಿಗೆ ಅದು ಕಿವಿಯ ಪಕ್ಕ, ಹಣೆಯಂಚು, ಬೈತಲೆ. ಅಲ್ಲಿಯ ನರೆ ಒರಟು, ಬಣ್ಣ ಹಿಡಿಯಲು ಹಟ ಮಾಡುತ್ತದೆ. ಬ್ರಶ್ಶಿನಿಂದ ಬುಡಕ್ಕೆ ಹಚ್ಚಿ, ಚರ್ಮಕ್ಕೆ ಉಜ್ಜಬೇಡಿ.

5. ಮೊದಲ ಸಲವಾದರೆ ಬುಡದಿಂದ ತುದಿಯವರೆಗೂ ಹಚ್ಚಬೇಕು. ಎರಡನೇ ಸಲದಿಂದ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ. ಕೊನೆಯ ಐದು ನಿಮಿಷ ತುದಿಗೆ ಬಾಚಿದರೆ ಸಾಕು. ಪ್ರತಿ ತಿಂಗಳೂ ತುದಿಯವರೆಗೆ ಮೆತ್ತುವುದರಿಂದಲೇ ಎಷ್ಟೋ ಜನರ ಕೂದಲ ತುದಿ ಹುಲ್ಲಿನಂತಾಗಿರುವುದು.

6. ಪೆಟ್ಟಿಗೆಯಲ್ಲಿ ಬರೆದಷ್ಟೇ ಹೊತ್ತು ಬಿಡಿ. ಪರ್ಮನೆಂಟ್ ಕ್ರೀಮಿಗೆ ಸಾಮಾನ್ಯವಾಗಿ 30ರಿಂದ 35 ನಿಮಿಷ. ಜಾಸ್ತಿ ಬಿಟ್ಟರೆ ಜಾಸ್ತಿ ದಿನ ಬರುತ್ತದೆ ಅನ್ನುವುದು ಭ್ರಮೆ. ನಡುವೆ ಚುರುಚುರು ಅನ್ನುವುದನ್ನು ಮೀರಿ ಉರಿ ಬಂದರೆ ಸಮಯ ನೋಡದೆ ತೊಳೆಯಿರಿ.

7. ಉಗುರುಬೆಚ್ಚಗಿನ ನೀರಲ್ಲಿ, ನೀರು ತಿಳಿಯಾಗುವ ತನಕ ತೊಳೆಯಿರಿ. ತಲೆ ಬಗ್ಗಿಸಿ ತೊಳೆದರೆ ಮೈಮೇಲೆ ಇಳಿಯುವುದಿಲ್ಲ. ಕೊನೆಗೆ ಕಂಡೀಷನರ್.

8. ಕಲಸಿ ಉಳಿದದ್ದನ್ನು ಚೆಲ್ಲಿಬಿಡಿ. ಮುಚ್ಚಳ ಹಾಕಿ ಇಟ್ಟರೆ ಒಳಗೆ ಗ್ಯಾಸ್ ಆಗಿ ಡಬ್ಬಿ ಒಡೆಯಬಹುದು. ಬಿಚ್ಚದ ಪೊಟ್ಟಣ, ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಕಿಡ್ನಿ ಕೆಡುತ್ತದೆ. ಒಂದು ಹನಿಯೂ ಆಟದ ಮಾತಲ್ಲ.

ಹಂತ 8: ಮೆಹೆಂದಿ ದಾರಿ

ಮದರಂಗಿ, ಗೋರಂಟಿ, ಮೆಹೆಂದಿ, ನೀವು ಏನೇ ಕರೆಯಿರಿ, ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಬಿಳಿ ಕೂದಲನ್ನು ಕಿತ್ತಳೆ ಕೆಂಪು ಮಾಡುತ್ತದೆ. ಕಪ್ಪು ಮಾಡುವುದಿಲ್ಲ. "ಕಪ್ಪು ಮೆಹೆಂದಿ" ಅಂತ ಒಂದೇ ಪೊಟ್ಟಣದಲ್ಲಿ, ಅರ್ಧ ಗಂಟೆಯಲ್ಲಿ ಕಪ್ಪಾಗುವ ಸರಕು ಸಿಕ್ಕಿದರೆ ಅದರಲ್ಲಿ ಬೇರೇನೋ ಸೇರಿದೆ, ಬಹುತೇಕ ಪಿಪಿಡಿ. ಕೊಳ್ಳುವಾಗ ಪದಾರ್ಥದ ಪಟ್ಟಿಯಲ್ಲಿ ಮೆಹೆಂದಿ ಎಲೆ ಪುಡಿ ಬಿಟ್ಟು ಇನ್ನೇನೂ ಇಲ್ಲದ್ದನ್ನು ನೋಡಿ. ರಾಜಸ್ಥಾನದ ಸೋಜತ್ ಮೆಹೆಂದಿ ಹೆಸರಾದದ್ದು, 2021ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ (ಆ ಊರಿನದ್ದೇ ಸರಕು ಎಂಬ ಸರ್ಕಾರಿ ಗುರುತು) ಸಿಕ್ಕಿದೆ. ಶುದ್ಧ ಪುಡಿ ಹಸಿರು ಇಲ್ಲವೇ ಹಸಿರು ಮಿಶ್ರಿತ ಕಂದು ಇರುತ್ತದೆ, ಒಣ ಎಲೆಯ ವಾಸನೆ ಬರುತ್ತದೆ.

ಕಪ್ಪು ಬೇಕಾದರೆ ಎರಡನೆಯ ಪುಡಿ ಬೇಕು. ಬಟ್ಟೆಗೆ ನೀಲಿ ಬಣ್ಣ ತೆಗೆಯುತ್ತಿದ್ದ ನೀಲಿ ಗಿಡದ ಎಲೆಯ ಪುಡಿ. ಅಂಗಡಿಯಲ್ಲಿ ಇಂಡಿಗೋ ಪೌಡರ್ ಅಂತ ಕೇಳಿ.

ಮೊದಲ ಸುತ್ತು: ಮೆಹೆಂದಿಯನ್ನು ನೀರಲ್ಲಿ ಸ್ವಲ್ಪ ನಿಂಬೆರಸ ಹಾಕಿ ಮೊಸರಿನ ಹದಕ್ಕೆ ಕಲಸಿ, ಕೆಲವು ಗಂಟೆ ನೆನೆಯಲು ಬಿಡಿ. ಹುಳಿಯಲ್ಲಿ ಬಣ್ಣ ಚೆನ್ನಾಗಿ ಬಿಡುತ್ತದೆ. ಎಣ್ಣೆ ಇಲ್ಲದ, ತೊಳೆದು ಒಣಗಿಸಿದ ಕೂದಲಿಗೆ ಹಚ್ಚಿ ಎರಡರಿಂದ ಮೂರು ಗಂಟೆ ಬಿಡಿ. ಬರೀ ನೀರಲ್ಲಿ ತೊಳೆಯಿರಿ, ಶಾಂಪೂ ಬೇಡ.

ಎರಡನೇ ಸುತ್ತು: ಅದೇ ದಿನ ಅಥವಾ ಮರುದಿನ ಇಂಡಿಗೋ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಚಿಟಿಕೆ ಉಪ್ಪು ಹಾಕಿ ಕಲಸಿ. ಇಲ್ಲಿ ನಿಂಬೆರಸ ಬೇಡ. ಹತ್ತು ಹದಿನೈದು ನಿಮಿಷ ಬಿಟ್ಟು ಕೂಡಲೇ ಹಚ್ಚಿ. ಇದು ಮೆಹೆಂದಿಯಂತೆ ರಾತ್ರಿಯಿಡೀ ನೆನೆಸುವಂಥದ್ದಲ್ಲ, ಇಟ್ಟರೆ ಸತ್ವ ಹೋಗುತ್ತದೆ. ಒಂದರಿಂದ ಎರಡು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ತೊಳೆದ ಕೂಡಲೇ ಹಸಿರೋ ನೀಲಿಯೋ ಕಂಡರೆ ಗಾಬರಿಯಾಗಬೇಡಿ. ಗಾಳಿ ತಾಗಿ ಎರಡು ದಿನದಲ್ಲಿ ಕಪ್ಪಿಗೆ ತಿರುಗುತ್ತದೆ. ಆ ಎರಡು ದಿನ ಶಾಂಪೂ ಮುಟ್ಟಬೇಡಿ. ಕಂದು ಸಾಕು ಅನ್ನುವವರು ನೆನೆದ ಮೆಹೆಂದಿಗೆ ಕೊನೆಯಲ್ಲಿ ಇಂಡಿಗೋ ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸಬಹುದು.

ಅರ್ಧ ದಿನ ಹೋಗುತ್ತದೆ, ಬಚ್ಚಲೆಲ್ಲ ಕೆಸರಾಗುತ್ತದೆ, ಕೂದಲು ಮೊದಲ ಎರಡು ದಿನ ಒಣಒಣ ಅನ್ನಿಸುತ್ತದೆ. ನಾಲ್ಕನೇ ವಾರ ಬಿಳಿ ಬುಡ ಇದರಲ್ಲೂ ಬರುತ್ತದೆ. ಆದರೆ ಪಿಪಿಡಿ ಆಗದವರಿಗೆ ಇರುವ ಒಳ್ಳೆಯ ದಾರಿ ಇದೇ. ಎರಡು ಎಚ್ಚರಿಕೆ: ಜಿ6ಪಿಡಿ ಕೊರತೆ ಎಂಬ ರಕ್ತದ ತೊಂದರೆ ಇರುವವರಿಗೆ ಮೆಹೆಂದಿಯಿಂದ ಕೆಂಪು ರಕ್ತಕಣ ಒಡೆಯಬಹುದು, ಅವರು ಹಚ್ಚಬಾರದು. ಗಿಡದ್ದು ಅಂತ 48 ಗಂಟೆಯ ಪರೀಕ್ಷೆ ಬಿಡುವ ಹಾಗೂ ಇಲ್ಲ.

ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಜೊತೆ ಮೆಹೆಂದಿ ನೆನೆಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬಣ್ಣ ಸ್ವಲ್ಪ ಗಾಢವಾಗುವುದು ನಿಜ. ಆದರೆ ಕೂದಲ ಮೇಲೆ ಕಬ್ಬಿಣದ ಅಂಶ ಉಳಿದಿದ್ದಾಗ ಪೆರಾಕ್ಸೈಡ್ ಇರುವ ಡೈ ಹಚ್ಚಿದರೆ ಬಣ್ಣ ಎಡವಟ್ಟಾಗಬಹುದು, ಕೂದಲು ಸುಡಬಹುದು. ಮೆಹೆಂದಿಯಿಂದ ಡೈಗೆ ಬದಲಾಯಿಸುವವರು ಕತ್ತಿನ ಹಿಂದಿನ ಒಂದು ಎಳೆಗೆ ಮಾತ್ರ ಮೊದಲು ಹಚ್ಚಿ ನೋಡಿ.

ಗಂಡಸರಿಗೆ, ಮತ್ತು ಗಡ್ಡ ಮೀಸೆಯ ಬಗ್ಗೆ

ಮುಖದ ಚರ್ಮ ತೆಳು, ಮೀಸೆಯ ಬಣ್ಣ ಬಾಯಿಗೂ ಮೂಗಿಗೂ ಹತ್ತಿರ. ತಲೆಯ ಡೈ ಗಡ್ಡಕ್ಕೆ ಬೇಡ, ಗಡ್ಡಕ್ಕೆ ಅಂತಲೇ ಬರುವುದನ್ನು ತನ್ನಿ. ಶೇವ್ ಮಾಡಿ ಗೀರಾದ ದಿನ ಹಚ್ಚಬೇಡಿ. ತಲೆಗಿಂತ ಒಂದು ಶೇಡ್ ತಿಳಿ ಇರಲಿ. ಇನ್ನು ಕಟಿಂಗ್ ಶಾಪಿನಲ್ಲಿ ಯಾರದೋ ಪೊಟ್ಟಣ ಒಡೆದು, ಅದೇ ಬಟ್ಟಲು ಅದೇ ಬ್ರಶ್ಶಿನಲ್ಲಿ ಎಲ್ಲರಿಗೂ ಹಚ್ಚುವುದುಂಟು. ನಿಮ್ಮ ಡೈ ನೀವೇ ಕೊಂಡುಹೋಗಿ, ನಿಮ್ಮ ಎದುರೇ ಬಿಚ್ಚಲಿ. ಪಾರ್ಲರ್‌ಗೆ ಹೋಗುವ ಹೆಂಗಸರಿಗೂ ಇದೇ ಮಾತು: ಎರಡು ದಿನ ಮೊದಲು ಹೋಗಿ ಕಿವಿ ಹಿಂದೆ ಹಚ್ಚಿಸಿಕೊಂಡು ಬನ್ನಿ. ನಗುವವರು ನಗಲಿ.

ಏನಾದರೂ ಆದರೆ

ತುರಿಕೆ, ಕೆಂಪು ಬಂದರೆ ತಲೆಯನ್ನು ಸಾಕಷ್ಟು ನೀರು ಮತ್ತು ಮೃದು ಶಾಂಪೂವಿನಿಂದ ತೊಳೆಯಿರಿ. ಕೆರೆಯಬೇಡಿ. ಉಳಿದ ಡೈ ಪೆಟ್ಟಿಗೆಯ ಫೋಟೋ ತೆಗೆದಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ರೆಪ್ಪೆ, ತುಟಿ, ಮುಖ ಊದಿದರೆ, ತಲೆಯಿಂದ ನೀರು ಸೋರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ 108ಕ್ಕೆ ಫೋನ್ ಮಾಡಿ. ಕಣ್ಣಿಗೆ ಬಿದ್ದರೆ ನಲ್ಲಿ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಲರ್ಜಿ ಪಿಪಿಡಿಯದ್ದೇ ಅಂತ ಖಚಿತವಾದರೆ ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಹೇಳಿ. ಕೆಲವು ಸಲ್ಫಾ ಮಾತ್ರೆ, ಮರಗಟ್ಟಿಸುವ ಕೆಲವು ಔಷಧಿಗಳೂ ಅಂಥವರಿಗೆ ಆಗದಿರಬಹುದು.

ಹಾಕಿದ ಬಣ್ಣ ಉಳಿಸಿಕೊಳ್ಳಲು

ಮೊದಲ ಎರಡು ದಿನ ಶಾಂಪೂ ಬೇಡ. ಆಮೇಲೂ ವಾರಕ್ಕೆ ಎರಡು ಸಲ ಸಾಕು, ಸುಡುನೀರು ಬೇಡ. ಅಭ್ಯಂಜನ ಮಾಡಿ ಸೀಗೆಕಾಯಿಯಲ್ಲಿ ತಿಕ್ಕಿ ತೊಳೆಯುವವರಿಗೆ ಬಣ್ಣ ಬೇಗ ಮಾಸುತ್ತದೆ, ಅದರಲ್ಲೂ ಸೆಮಿ ಪರ್ಮನೆಂಟ್. ಆ ಸ್ನಾನವನ್ನು ಡೈಗೆ ಮುಂಚಿನ ವಾರಕ್ಕೆ ಇಟ್ಟುಕೊಳ್ಳಿ. ಬೋರ್‌ವೆಲ್ ನೀರಿನ ಬಡಾವಣೆಯಲ್ಲಿದ್ದರೆ ಗಡಸು ನೀರಿನ ಉಪ್ಪು ಕೂತು ಬಣ್ಣ ಮಂಕಾಗುತ್ತದೆ. ಕೊನೆಯ ಎರಡು ಚೊಂಬಾದರೂ ಫಿಲ್ಟರ್ ನೀರು ಅಥವಾ ಮಳೆನೀರು ಸುರಿದುಕೊಳ್ಳಿ.

ಇನ್ನು ಸಾಕು, ಬಿಡಬೇಕು ಅನ್ನಿಸಿದರೆ

"ಶುರು ಮಾಡಿದ್ರೆ ಬಿಡೋಕಾಗಲ್ಲ" ಅನ್ನುವುದು ಅರ್ಧ ನಿಜ. ಡೈಯಿಂದ ನರೆ ಜಾಸ್ತಿ ಆಗುವುದಿಲ್ಲ. ವರ್ಷಗಳು ಕಳೆದದ್ದು ಮರೆತು, ಡೈ ನಿಲ್ಲಿಸಿದಾಗ ಒಮ್ಮೆಗೇ ನೋಡುತ್ತೇವೆ ಅಷ್ಟೇ. ಕಷ್ಟ ಇರುವುದು ನಡುವಿನ ಕಾಲದಲ್ಲಿ. ಭುಜದವರೆಗಿನ, ಅಂದರೆ ಸುಮಾರು 30 ಸೆಂಟಿಮೀಟರ್ ಕೂದಲು ಪೂರ್ತಿ ಬಿಳಿಯಾಗಿ ಬೆಳೆಯಲು ಎರಡರಿಂದ ಎರಡೂವರೆ ವರ್ಷ ಬೇಕು.

ಆ ಕಾಲ ದಾಟಲು ಮೂರು ದಾರಿ. ಧೈರ್ಯ ಇದ್ದರೆ ಗಿಡ್ಡ ಮಾಡಿಸಿ, ಐದಾರು ತಿಂಗಳಲ್ಲಿ ಮುಗಿಯುತ್ತದೆ. ಗಂಡಸರಿಗೆ ಎರಡು ಮೂರು ಕಟಿಂಗ್‌ನಲ್ಲೇ ಆಯಿತು. ಉದ್ದ ಕೂದಲು ಕತ್ತರಿಸಲು ಮನಸ್ಸಿಲ್ಲದಿದ್ದರೆ ಪರ್ಮನೆಂಟ್‌ನಿಂದ ಡೆಮಿಗೆ ಇಳಿಯಿರಿ, ಕಪ್ಪಿನಿಂದ ಕಂದಿಗೆ ಬನ್ನಿ, ಹಚ್ಚುವ ಅಂತರ ನಾಲ್ಕು ವಾರದಿಂದ ಆರಕ್ಕೆ, ಎಂಟಕ್ಕೆ ಒಯ್ಯಿರಿ. ಮೂರನೆಯದು ಪಾರ್ಲರ್ ಕೆಲಸ: ಅಲ್ಲಲ್ಲಿ ತಿಳಿ ಎಳೆಗಳನ್ನು ಬಿಡಿಸಿ ಬಿಳಿಯೂ ಕಪ್ಪೂ ಬೆರೆತಂತೆ ಕಾಣಿಸುವುದು. ದುಡ್ಡು ಜಾಸ್ತಿ, ಮಾಡುವವರು ಪಳಗಿದವರಾಗಿರಬೇಕು. ಕೆಲಸದ ಫೋಟೋ ನೋಡದೆ ಕೂರಬೇಡಿ.

ಪೂರ್ತಿ ಬಿಳಿಯಾದ ಮೇಲೂ ಸ್ವಲ್ಪ ಆರೈಕೆ ಬೇಕು. ಬಿಸಿಲು, ಹೊಗೆ, ಗಡಸು ನೀರಿಗೆ ಬೆಳ್ಳಿ ಕೂದಲು ಹಳದಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ನೇರಳೆ ಬಣ್ಣದ ಶಾಂಪೂ ಹಾಕಿದರೆ ಆ ಹಳದಿ ಹೋಗುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ತಲೆ ತಿಳಿ ನೇರಳೆಯಾಗಿ ಕಂಡೀತು.